ಇಸ್ತ್ರಿ ಮಾಡಿದ ಬೆನ್ನು

ಬೆಳಿಗ್ಗೆ ಬಾಗಿಲು ತೆಗೆದಾಗ ಮೇಣದ ಕೋಣೆಯಲ್ಲಿ ಎಲ್ಲವೂ ಇರಬೇಕಾದ ಜಾಗದಲ್ಲೇ ಇತ್ತು, ಆದರೂ ಅವನಿಗೆ ಕತ್ತಲಲ್ಲಿ ಒಂದು ಮೆಟ್ಟಿಲು ತಪ್ಪಿದ ಹಾಗಾಯಿತು. ಸ್ಪಿರಿಟ್ ದೀಪ, ಅದರ ಪಕ್ಕ ಚಾಕುಗಳು, ನಿನ್ನೆಯ ಟೀ ಕಲೆ ಒಣಗಿದ ಲೋಟ, ಒದ್ದೆಯಾಗಿಯೇ ಉಳಿದ ಬಟ್ಟೆ. ಕಿಟಕಿಯಿಂದ ಬಿಸಿಲು ಓರೆಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ದಿನಾ ಆ ಬಿಸಿಲು ಅಣ್ಣ ಮಾಡಿಟ್ಟ ಮೇಣದ ಹೆಂಗಸಿನ ಬೆನ್ನ ಮೇಲೆ ಬಿದ್ದು ಅಲ್ಲೇ ಚೂರುಚೂರಾಗುತ್ತಿತ್ತು. ಬೆನ್ನ ತುಂಬ ಅಣ್ಣನ ಹೆಬ್ಬೆರಳಿನ ಗುಳಿಗಳು, ಒಂದೊಂದು ಗುಳಿಗೂ ಒಂದೊಂದು ಚಿಟಿಕೆ ನೆರಳು. ಇವತ್ತು ಬಿಸಿಲು ಆ ಬೆನ್ನಿನ ಮೇಲೆ ಎಲ್ಲೂ ನಿಲ್ಲಲಿಲ್ಲ. ಎಣ್ಣೆ ಹಚ್ಚಿದ ಹಾಗೆ ಜಾರಿ ಸೀದಾ ಮೇಜಿಗೆ ಇಳಿಯಿತು.

ಅವನು ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ನಿಂತ. ನಾನಲ್ಲ ಅಂತ ಮೊದಲು ಅನ್ನಿಸಿತು. ಯಾರೋ ರಾತ್ರಿ ಬಂದು ಮಾಡಿ ಹೋಗಿದ್ದಾರೆ ಅನ್ನುವ ಹಾಗೆ ಕೋಣೆಯ ಸುತ್ತ ನೋಡಿದ. ಆಮೇಲೆ ನಿನ್ನೆ ಮಧ್ಯಾಹ್ನ ಪೂರ್ತಿಯಾಗಿ ನೆನಪಿಗೆ ಬಂತು. ಊಟ ಮುಗಿಸಿ ಬಂದು ಕೂತಿದ್ದ, ರೇಡಿಯೋ ಹಾಡುತ್ತಿತ್ತು. ಸಾಲಾಗಿ ಇಟ್ಟಿದ್ದ ಬಾಗಿಲ ಹಿಡಿಗಳ ಮೇಣದ ಮಾದರಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಚಾಕು ಬಿಸಿ ಮಾಡಿ, ಅಂಚು ಸವರಿ, ಬಟ್ಟೆಯಿಂದ ಒರೆಸಿ ಆಚೆಗಿಡುತ್ತಿದ್ದ. ಹಿಡಿಗಳು ಮುಗಿದ ಮೇಲೆ ಕೈ ತಾನಾಗಿ ಮುಂದಿನದನ್ನು ಎತ್ತಿಕೊಂಡಿತ್ತು. ಮುಂದಿನದು ಅವಳಾಗಿದ್ದಳು. ಕುರ್ಚಿಯ ಮೇಲೆ ಬಗ್ಗಿ ಕೂತು, ಒಂದು ಕಾಲು ಮೇಲೆತ್ತಿ, ಉಗುರು ಕತ್ತರಿಸಿಕೊಳ್ಳುತ್ತಿರುವ ಹೆಂಗಸು. ಮೊಳಕ್ಕಿಂತ ಸ್ವಲ್ಪ ಕಮ್ಮಿ ಎತ್ತರ. ಅವನು ಭುಜದಿಂದ ಶುರು ಮಾಡಿ ಸೊಂಟದ ತನಕ ಇಳಿದಿದ್ದ. ಕುತ್ತಿಗೆ, ತೋಳು, ಮೀನಖಂಡ, ಕುರ್ಚಿಯ ಕಾಲು. ಹಾಡು ಗುನುಗುತ್ತಿದ್ದ. ಹಾಡು ಯಾವುದು ಅಂತ ಕೂಡ ಈಗ ನೆನಪಾಯಿತು.

ಅವನ ಕೆಲಸವೇ ಅದು. ಆ ಎರಕದ ಮನೆಯಲ್ಲಿ ಅಪ್ಪ ಬೆಂಕಿ ನೋಡಿಕೊಳ್ಳುವವನು, ಅಣ್ಣ ಮೇಣದಲ್ಲಿ ಮೂರ್ತಿ ಮಾಡುವವನು, ಅವನು ಅಣ್ಣ ಮಾಡಿದ್ದನ್ನು ನಯ ಮಾಡುವವನು, ಅತ್ತಿಗೆ ಕೊನೆಗೆ ಕಂಚಿಗೆ ಬಣ್ಣ ಏರಿಸುವವಳು. ಮೇಣಕ್ಕೆ ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ, ಅದು ಬಿಟ್ಟುಹೋದ ಜಾಗಕ್ಕೆ ಕಂಚು ಬಂದು ಕೂರುತ್ತದೆ. ಮೇಣದಲ್ಲಿ ಇದ್ದದ್ದು ಕಂಚಿನಲ್ಲೂ ಇರುತ್ತದೆ, ಸೊಳ್ಳೆ ಕೂತಿದ್ದರೆ ಸೊಳ್ಳೆ ಕೂಡ. ಮೇಣದಲ್ಲಿ ಇಲ್ಲದ್ದನ್ನು ಯಾವ ಬೆಂಕಿಯೂ ತಂದುಕೊಡುವುದಿಲ್ಲ. ಗಿರಾಕಿಗಳಿಗೆ ನುಣುಪು ಬೇಕು. ಅಣ್ಣ ಗುಂಡಿ, ಗೀರು, ಬೆರಳು ಎಲ್ಲ ಬಿಟ್ಟು ಎದ್ದುಹೋಗುತ್ತಿದ್ದ, ಇವನು ಕೂತು ಸವರುತ್ತಿದ್ದ. ಹಾಗಾಗಿ ಚಿಕ್ಕಂದಿನಿಂದಲೂ ಅಣ್ಣ ಇವನನ್ನು ಇಸ್ತ್ರಿ ಅಂತಲೇ ಕರೆದ. ಮೊದಮೊದಲು ಮುದ್ದಿಗೆ. ಆಮೇಲೆ ಮನೆಯವರೆಲ್ಲ ಕರೆದರು, ಬೀದಿಯವರು ಕರೆದರು, ಬ್ಯಾಂಕಿನವನು ಕೂಡ ಒಂದು ಸಲ ಬಾಯಿತಪ್ಪಿ ಕರೆದುಬಿಟ್ಟ. ಒಂದು ದಿನ ದೊಡ್ಡ ಗಿರಾಕಿಗಳು ಬಂದು ಸುತ್ತ ನಿಂತಿದ್ದಾಗ ಅಣ್ಣ ಇವನ ಹೆಗಲ ಮೇಲೆ ಕೈ ಹಾಕಿ, ‘ಇವನ ಕೈಗೆ ಅಳ್ತಿರೋ ಮುಖ ಕೊಡಿ ಸಾರ್, ಮಡಿಕೆ ಇಲ್ದೆ ವಾಪಸ್ ಕೊಡ್ತಾನೆ’ ಅಂದ. ಎಲ್ಲರೂ ನಕ್ಕರು. ಇವನೂ ನಕ್ಕ. ನಗುವಾಗ ತುಟಿ ಒಣಗಿ ಹಲ್ಲಿಗೆ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ನಾಲಿಗೆ ಹೊರಳಿಸಬೇಕಾಯಿತು. ಅದನ್ನು ಅತ್ತಿಗೆ ನೋಡಿದ್ದಳು.

ಅತ್ತಿಗೆ ಹೇಳಿದ್ದು ಹೋದ ವಾರ. ಇವನಿಗಲ್ಲ, ಅಪ್ಪನಿಗೆ. ಅಣ್ಣ ಹೋದ ಮೇಲೆ ಅವಳು ಅವನ ವಿಷಯ ಏನೇ ಇದ್ದರೂ ಮಾವನ ಹತ್ತಿರವೇ ಮಾತಾಡುತ್ತಾಳೆ. ಇವನ ಹತ್ತಿರ ಆಸಿಡ್ ಮುಗೀತು, ಬ್ರಶ್ ತರಬೇಕು, ಅಷ್ಟೇ. ಅಪ್ಪ ಬಂದು ಇವನ ಮೇಜಿನ ಪಕ್ಕ ನಿಂತು ಹೇಳಿದ್ದ: ‘ನೋಡು, ಆ ಉಗುರಿನವಳನ್ನ ಎರಕ ಹೊಯ್ಯೋಣ ಅಂತಿದ್ದಾಳೆ. ಆದ್ರೆ ಹೇಗಿದೆಯೋ ಹಾಗೇ. ನೀನು ಮುಟ್ಬೇಡ. ಅವನ ಬೆರಳು ಹಾಗೇ ಇರ್ಲಿ ಅಂದ್ಲು.’ ಬಾಗಿಲ ತನಕ ಹೋದವನು ತಿರುಗಿ, ‘ಕೇಳಿಸ್ತಾ? ಮುಟ್ಬೇಡ’ ಅಂತ ಮತ್ತೊಮ್ಮೆ ಹೇಳಿದ್ದ. ಕೇಳಿಸಿತ್ತು. ಚೆನ್ನಾಗಿಯೇ ಕೇಳಿಸಿತ್ತು. ಅದು ಅತ್ತಿಗೆಯದೇ ಬೆನ್ನು, ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ಅಣ್ಣ ಅದನ್ನು ಮನೆಯಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ಯಾರೂ ಕೇಳದೆ ಮಾಡುತ್ತಿದ್ದಾಗ ಅವಳು, ‘ನೋಡೋಕೆ ನನ್ನಲ್ಲಿ ಇನ್ನೇನೂ ಸಿಗ್ಲಿಲ್ವಾ, ಉಗುರು ತೆಗೀವಾಗ್ಲೇ ಆಗ್ಬೇಕಿತ್ತಾ’ ಅಂತ ಬೈದಿದ್ದಳು. ‘ಆಗ ಮಾತ್ರ ನೀನು ಸುಮ್ನೆ ಇರ್ತೀಯ’ ಅಂದಿದ್ದ ಅಣ್ಣ. ಅದು ಮುಗಿದು ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವನು ಹಾಗೆಯೇ ಪಕ್ಕಕ್ಕೆ ಒರಗಿದ. ತಮಾಷೆ ಮಾಡುತ್ತಿದ್ದಾನೆ ಅಂತ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಮರೆತೆ ಅಂತ ಹೇಳಬಹುದು, ಅವನು ಅಂದುಕೊಂಡ. ಕೈಗೆ ಅಭ್ಯಾಸ, ಮನಸ್ಸು ಎಲ್ಲೋ ಇತ್ತು. ಇಷ್ಟು ವರ್ಷ ಅದನ್ನೇ ಮಾಡಿದವನ ಕೈ ಬೇರೆ ಏನು ಮಾಡೀತು. ಕುರ್ಚಿ ಎಳೆದು ಕೂತು, ಈ ಮಾತನ್ನು ಒಳಗೊಳಗೇ ಎರಡು ಮೂರು ಥರ ಹೇಳಿ ನೋಡಿದ. ಎಲ್ಲ ಥರದಲ್ಲೂ ಚೆನ್ನಾಗಿಯೇ ಇತ್ತು. ಆದರೆ ಎಡ ಭುಜದ ಕೆಳಗೆ ಬಂದಾಗ ಏನಾಗಿತ್ತು ಅನ್ನುವುದು ಅವನಿಗೆ ಗೊತ್ತಿತ್ತು. ಅಲ್ಲಿ ಅಣ್ಣ ಮೇಣದ ಒಂದು ಉಂಡೆಯನ್ನು ಒತ್ತಿ, ಹೆಬ್ಬೆರಳಲ್ಲಿ ಕೆಳಗೆಳೆದು, ಹಾಗೇ ಬಿಟ್ಟಿದ್ದ. ಅದರೊಳಗೆ ಬೆರಳಿನ ಗೆರೆಗಳು ನೀರಿನ ಸುಳಿಯ ಹಾಗೆ ಕಾಣುತ್ತಿದ್ದವು. ಆ ಜಾಗಕ್ಕೆ ಬಂದಾಗ ಚಾಕು ಒಂದು ಸಲ ನಿಂತಿತ್ತು. ನಿಂತಿತ್ತು ತಾನೆ. ನಿಂತು, ಮತ್ತೆ ದೀಪದ ಹತ್ತಿರ ಹೋಗಿ, ಇನ್ನಷ್ಟು ಬಿಸಿಯಾಗಿ ಬಂದು, ಉಂಡೆಯ ಮೇಲೆ ಹರಿದಿತ್ತು. ಮಡಿಕೆ ಇಲ್ದೆ ವಾಪಸ್ ಕೊಡ್ತಾನೆ. ಹಾಗಂತ ಅವನು ಯೋಚಿಸಿದನೋ ಇಲ್ಲವೋ ಈಗ ಹೇಳಲಾರ. ಆದರೆ ಚಾಕು ನಿಂತಿದ್ದು ನಿಜ.

ದೀಪ ಹಚ್ಚಿ, ಮೇಣವನ್ನು ಜ್ವಾಲೆಯ ಮೇಲೆ ದೂರದಿಂದ ಸುಳಿಸಿ, ಬೆನ್ನು ಸ್ವಲ್ಪ ಮೆತ್ತಗಾದ ಮೇಲೆ ಅವನು ತನ್ನ ಹೆಬ್ಬೆರಳನ್ನು ಒತ್ತಿದ. ಗುಳಿ ಬಿತ್ತು. ಬೆಳಕಿಗೆ ಹಿಡಿದು ನೋಡಿದ. ಗುಳಿ ಇತ್ತು, ಗೆರೆ ಇರಲಿಲ್ಲ. ಚಮಚದ ಬೆನ್ನಲ್ಲಿ ಒತ್ತಿದ ಹಾಗಿತ್ತು. ಇನ್ನೊಂದು ಕಡೆ ಜೋರಾಗಿ ಒತ್ತಿದ. ಅಷ್ಟೇ. ಬಿಸಿ ಮೇಣ, ಬಿಸಿ ಚಾಕು, ವರ್ಷಗಟ್ಟಲೆ. ಹಿಂದೊಮ್ಮೆ ಯಾವುದೋ ಆಫೀಸಿನಲ್ಲಿ ಬೆರಳಿಡುವ ಯಂತ್ರ ಇವನನ್ನು ಒಪ್ಪದೆ ಕೆಂಪು ದೀಪ ಮಿಣುಕಿಸುತ್ತಲೇ ಇತ್ತು. ‘ಒರೆಸ್ಕೊಂಡು ಇಡಿ’ ಅಂದಳು ಒಳಗಿದ್ದವಳು. ಒರೆಸಿಕೊಂಡು ಇಟ್ಟ. ‘ಊದಿ ಇಡಿ.’ ಊದಿ ಇಟ್ಟ. ‘ಬೇರೆ ಬೆರಳು ಇಡಿ.’ ಇಟ್ಟ. ಹಿಂದೆ ಸಾಲು ಬೆಳೆಯಿತು. ಯಾರೋ, ‘ಕಾಲಿಂದು ಇಡ್ಲಿ ಬಿಡಿ’ ಅಂದರು. ಅಣ್ಣ ಪಕ್ಕದಲ್ಲಿದ್ದ. ‘ನಮ್ಮ ಇಸ್ತ್ರಿ ಅದನ್ನೂ ಇಸ್ತ್ರಿ ಮಾಡ್ಕೊಂಡಿದ್ದಾನೆ’ ಅಂತ ಸಾಲಿಗೆಲ್ಲ ಕೇಳುವ ಹಾಗೆ ಹೇಳಿದ, ಆಮೇಲೆ ಹೊರಗೆ ಬಂದು ಇವನಿಗೆ ಟೀ ಕೊಡಿಸಿ, ಇವನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದ. ‘ಪಾಪ ಕಣೋ’ ಅಂದ. ಆ ಪಾಪ ಅನ್ನುವುದನ್ನೂ ಇವನು ಕ್ಷಮಿಸಿರಲಿಲ್ಲ.

‘ಏನ್ ಮಾಡ್ತಿದ್ದೀಯ.’

ಅಪ್ಪ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಚರ್ಮದ ಏಪ್ರನ್ ಆಗಲೇ ಕಟ್ಟಿಕೊಂಡಿದ್ದ, ಮಧ್ಯಾಹ್ನ ಒಂದು ಎರಕ ಇತ್ತು. ಯಾವುದೋ ಶಾಲೆಯವರು ಹೇಳಿದ್ದ ಹಳೆಯ ಹೆಡ್‌ಮಾಸ್ಟರ ತಲೆ. ಇವನು ಹೆಬ್ಬೆರಳನ್ನು ಮೇಣದಿಂದ ತೆಗೆಯಲಿಲ್ಲ. ಅಪ್ಪ ಹತ್ತಿರ ಬಂದು, ಬೆನ್ನನ್ನು ನೋಡಿ, ಹೆಬ್ಬೆರಳನ್ನು ನೋಡಿ, ಇವನ ಮುಖವನ್ನು ಮಾತ್ರ ನೋಡದೆ ಮೂರ್ತಿಯನ್ನು ತನ್ನ ಕೈಗೆ ತೆಗೆದುಕೊಂಡ. ಇವನು ಒತ್ತಿದ್ದ ಆ ಎರಡು ಬೋಳು ಗುಳಿಗಳನ್ನು ದೀಪಕ್ಕೆ ತೋರಿಸಿ, ಉಗುರಿನ ಬೆನ್ನಲ್ಲಿ ತಾನೇ ಸವರಿ ಮುಚ್ಚಿದ.

‘ತಿಳಿ ಕಲಸಿದ್ಯಾ?’

ತಿಳಿ ಅಂದರೆ ಮೊದಲ ಲೇಪದ ನುಣ್ಣನೆ ಮಣ್ಣು, ಗಂಜಿಯಷ್ಟು ನೀರಾಗಿರುತ್ತದೆ. ‘ಇಲ್ಲ’ ಅಂದ ಇವನು. ‘ಕಲಸು ಮತ್ತೆ’ ಅಂದ ಅಪ್ಪ. ಅಷ್ಟೇ. ಇವನು ಬಕೆಟ್ ತಂದು ಕಲಸಿದ. ಅಪ್ಪ ಬ್ರಶ್ ಅದ್ದಿ ಹೆಂಗಸಿನ ಪಾದದಿಂದ ಹಚ್ಚುತ್ತಾ ಬಂದ. ಮೇಣದ ಕಂದು ಮೈ ಬೂದಿ ಬಣ್ಣಕ್ಕೆ ತಿರುಗುತ್ತಾ ಹೋಯಿತು. ಅಪ್ಪ ಮೇಣದ ಕೋಣೆಗೆ ಬರುವುದೇ ಕಮ್ಮಿ, ಲೇಪ ಹಚ್ಚುವುದಂತೂ ಇಲ್ಲವೇ ಇಲ್ಲ. ಮುಚ್ಚುತ್ತಿದ್ದಾನೆ, ಇವನಿಗೆ ಅರ್ಥವಾಯಿತು. ಅವಳು ಬರುವ ಮೊದಲು ಮುಚ್ಚುತ್ತಿದ್ದಾನೆ. ಆ ಹೊತ್ತಿಗೆ ಇವನಿಗೆ ನಾಚಿಕೆಗಿಂತ ಮೊದಲು ಬಂದದ್ದು ಸಮಾಧಾನ. ಚಿಕ್ಕವನಿದ್ದಾಗ ಹಾಸಿಗೆ ಒದ್ದೆ ಮಾಡಿದರೆ ಅಪ್ಪ ಯಾರನ್ನೂ ಎಬ್ಬಿಸದೆ ಹಾಸಿಗೆ ಮಗುಚಿ ಹಾಕುತ್ತಿದ್ದ. ಅದೇ ಬೆಚ್ಚನೆಯದು ಈಗಲೂ ಮೈಯೊಳಗೆ ಇಳಿಯಿತು, ತಲೆಗೂದಲು ನರೆಯಲು ಶುರುವಾದ ಈ ವಯಸ್ಸಿನಲ್ಲಿ.

ಬ್ರಶ್ ಸೊಂಟದ ತನಕ ಬಂದಿತ್ತು, ಅಷ್ಟರಲ್ಲಿ ಅತ್ತಿಗೆ ಬಂದಳು. ರಬ್ಬರ್ ಗ್ಲೌಸ್ ಹಾಕಿಕೊಂಡೇ ಬಂದಿದ್ದಳು, ಅದರ ಮೇಲೆ ಹಸಿರು ಕಲೆ. ‘ಇವತ್ತೇ ಶುರು ಮಾಡಿಬಿಟ್ರಾ ಮಾವ,’ ಅಂದಳು. ದನಿಯಲ್ಲಿ ದೂರು ಇರಲಿಲ್ಲ. ‘ಒಂದ್ ಸಲ ನೋಡ್ಬೇಕು ಅಂದ್ಕೊಂಡು ದಿನಾ ಬಾಗಿಲ ತನಕ ಬಂದು ವಾಪಸ್ ಹೋಗ್ತಿದ್ದೆ. ನೋಡೋಕೂ ಒಂಥರಾ ಆಗುತ್ತೆ, ನೋಡದೆ ಇರೋಕೂ ಆಗಲ್ಲ.’ ಗ್ಲೌಸ್ ಬಿಚ್ಚಿ ಮೇಜಿನ ಮೇಲಿಟ್ಟಳು. ‘ಹಿಡ್ಕೋ ಸ್ವಲ್ಪ’ ಅಂದಳು ಇವನಿಗೆ. ಅಪ್ಪ ಬ್ರಶ್ ಎತ್ತಿದ. ಇವನು ಮೂರ್ತಿಯನ್ನು ಎರಡೂ ಕೈಯಲ್ಲಿ, ಕೂಸನ್ನು ಡಾಕ್ಟರಿಗೆ ತೋರಿಸುವ ಹಾಗೆ, ಬೆನ್ನು ಅವಳ ಕಡೆಗೆ ಮಾಡಿ ಹಿಡಿದ. ಅವಳು ಕಣ್ಣು ಮುಚ್ಚಿದಳು. ಅದು ಅವಳ ಕೆಲಸದ ರೀತಿ. ಬಣ್ಣ ಏರಿಸುವ ಮೊದಲು ಕಂಚನ್ನು ಯಾವಾಗಲೂ ಕಣ್ಣು ಮುಚ್ಚಿಯೇ ಮುಟ್ಟಿ ನೋಡುತ್ತಾಳೆ.

ಬೆರಳುಗಳು ಕುತ್ತಿಗೆಯ ಮೇಲೆ ಇಳಿದವು. ಇಳಿದು, ನಿಂತು, ದಾರಿ ತಪ್ಪಿದವರು ಹಿಂದಿನ ತಿರುವಿಗೆ ವಾಪಸ್ ಹೋಗುವ ಹಾಗೆ ಮತ್ತೆ ಮೇಲಕ್ಕೆ ಹೋಗಿ, ಮತ್ತೆ ಇಳಿದವು. ಎಡ ಭುಜದ ಕೆಳಗೆ ಬಂದು ಅಲ್ಲೇ ಸುತ್ತಿದವು. ಇವನಿಗೆ ಅವಳ ಮುಖ ತೀರ ಹತ್ತಿರದಲ್ಲಿತ್ತು. ಮುಚ್ಚಿದ ರೆಪ್ಪೆಗಳೊಳಗೆ ಕಣ್ಣು ಓಡಾಡುತ್ತಿತ್ತು. ಅಳುತ್ತಾಳೆ ಅಂದುಕೊಂಡ. ಅಳಲಿಲ್ಲ. ಕಣ್ಣು ಬಿಟ್ಟು, ಬೆನ್ನನ್ನು ನೋಡದೆ ಇವನ ಅಂಗಿಯ ಗುಂಡಿಯನ್ನೇ ನೋಡುತ್ತಾ, ‘ಯಾವಾಗ ಮಾಡ್ದೆ?’ ಅಂದಳು.

‘ನಿನ್ನೆ. ಊಟ ಆದ್ಮೇಲೆ.’

‘ಮಾವ ಹೇಳಿರ್ಲಿಲ್ವಾ?’

ಇಷ್ಟೇ ಕೇಳಿದಳು. ಅವನು ಬಾಯಿ ತೆರೆದ. ಹೇಳಿದ್ದ ಅಂತ ಅನ್ನಬೇಕಾದ್ದು, ಒಂದೇ ಒಂದು ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ಅದರ ತೂಕವೂ ಅವನಿಗೆ ತಿಳಿಯುತ್ತಿತ್ತು. ಅಷ್ಟರಲ್ಲಿ ಅಪ್ಪ ಬ್ರಶ್ಶನ್ನು ಬಕೆಟ್ಟಿಗೆ ಹಾಕಿ, ‘ನಾನೇ ಅಲ್ವಾ ಹೇಳಿದ್ದು’ ಅಂದ. ‘ಅದೊಂದು ಉಳ್ಕೊಂಡಿದೆ, ನಯ ಮಾಡ್ಬಿಡು ಅಂತ.’

‘ಮಾವ, ಮುಟ್ಬೇಡ ಅಂತ ಹೇಳಿ ಅಂದಿದ್ದೆ ನಿಮಗೆ.’

‘ನೀನಾ?’ ಅಪ್ಪ ಹುಬ್ಬು ಗಂಟು ಹಾಕಿದ. ‘ಯಾವಾಗ ಹೇಳ್ದೆ?’

‘ಹೋದ ವಾರ. ಹಿತ್ತಿಲಲ್ಲಿ. ನೀವು ಜರಡಿ ಒದರ್ತಾ ಇದ್ರಿ.’

ಅಪ್ಪ ಗೋಡೆಯನ್ನು ನೋಡಿದ. ಜರಡಿ ಅಂತ ಬಾಯಲ್ಲೇ ಅಂದುಕೊಂಡ. ಒಂದು ಕೈ ಎತ್ತಿ ಹಣೆ ಮುಟ್ಟಿ, ‘ಇರ್ಬೇಕಮ್ಮ. ತಲೆಯಲ್ಲಿ ನಿಲ್ತಾ ಇಲ್ಲ ಈಚೀಚೆಗೆ’ ಅಂದ. ಎಷ್ಟು ಚೆನ್ನಾಗಿ ಮಾಡಿದ ಅಂದರೆ ಇವನಿಗೇ ಮೈ ಜುಮ್ಮೆಂದಿತು. ಜೀವನದಲ್ಲಿ ಒಂದು ಸುಳ್ಳು ಹೇಳಬೇಕಾದರೆ ಕಿವಿ ಕೆಂಪಾಗುತ್ತಿದ್ದ ಮನುಷ್ಯ. ಇವನು ಅಪ್ಪನ ಕಿವಿ ನೋಡಿದ. ಕೆಂಪಾಗಿರಲಿಲ್ಲ. ಮೂರ್ತಿ ಇನ್ನೂ ಇವನ ಕೈಯಲ್ಲೇ ಇತ್ತು, ಹಸಿ ಮಣ್ಣು ಮಣಿಕಟ್ಟಿನ ಮೇಲೆ ಹರಿದು ತೋಳಿನೊಳಗೆ ಇಳಿಯುತ್ತಿತ್ತು. ಈಗ ಹೇಳು. ಈಗ. ಅವನು ಕಾಯುತ್ತಾ ಇದ್ದ, ಬೇರೆ ಯಾರೋ ಹೇಳಬೇಕು ಅನ್ನುವ ಹಾಗೆ.

ಭಾವ ಟೀ ಕೆಟಲ್ ಹಿಡಿದು ಬಂದ. ಅಕ್ಕನ ಗಂಡ, ಎರಕದ ದಿನ ಅಪ್ಪನ ಜೊತೆ ಕಂಚು ಕರಗಿಸುವ ಮೂಸೆಯ ಇನ್ನೊಂದು ತುದಿ ಹಿಡಿಯುವವನು, ಉಳಿದ ದಿನ ಎಲ್ಲರಿಗೂ ಟೀ ಕೊಟ್ಟು ತಮಾಷೆ ಮಾಡುವವನು. ‘ಏನ್ರಿ ಎಲ್ಲರೂ ಫೋಟೋಗೆ ನಿಂತ ಹಾಗೆ ನಿಂತಿದ್ದೀರ’ ಅಂದ. ಅತ್ತಿಗೆ ಅವನ ಕಡೆ ತಿರುಗಿ, ಮೆಲ್ಲಗೆ, ಅಪ್ಪ ಕೋಣೆಯಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ, ‘ಮಾವನಿಗೆ ಮರೆವು ಜಾಸ್ತಿ ಆಗಿದೆ’ ಅಂದಳು. ಭಾವ ನಗುತ್ತಾನೆ ಅಂತ ಇವನು ಕಾದ. ಭಾವ ಕೆಟಲ್ ಕೆಳಗಿಟ್ಟ. ‘ನಾನು ಹೇಳೋದು ಬೇಡ ಅಂತಿದ್ದೆ,’ ಅಂದ. ‘ಮೊನ್ನೆ ಕುಲುಮೆಯ ಗಾಳಿ ಬಂದ್ ಮಾಡದೇ ಮನೆಗೆ ಹೊರಟಿದ್ರು. ನಾನೇ ಹೋಗಿ ಬಂದ್ ಮಾಡಿ ಬಂದೆ. ಕೇಳಿದ್ರೆ, ಮಾಡಿದ್ನಲ್ಲಪ್ಪ ಅಂದ್ರು.’

ಇದು ಇವನಿಗೆ ಗೊತ್ತಿರಲಿಲ್ಲ. ಅಪ್ಪನ ಮುಖ ನೋಡಿದ. ಅಪ್ಪ ಟೀ ಲೋಟ ಎತ್ತಿಕೊಂಡು ಊದುತ್ತಿದ್ದ.

‘ಹಾಗಾದ್ರೆ ಇವತ್ತು ಮೂಸೆ ಹಿಡಿಯೋದು ಬೇಡ,’ ಅಂದಳು ಅತ್ತಿಗೆ. ಬೈಯುವುದಿರಲಿ, ದನಿಯನ್ನು ಒಂದಿಷ್ಟೂ ಏರಿಸಲಿಲ್ಲ. ಅವಳು ಕೂಗಾಡಿದ್ದರೆ, ಬಕೆಟ್ ಒದ್ದಿದ್ದರೆ, ಇವನು ಆ ಸದ್ದಿನ ಅಡಿಯಲ್ಲಿ ಸತ್ಯವನ್ನು ಹೇಗಾದರೂ ತಳ್ಳಿಬಿಡುತ್ತಿದ್ದ. ಅವಳು ಅಪ್ಪನ ಹಿಂದೆ ಹೋಗಿ ಏಪ್ರನ್ನಿನ ಗಂಟು ಬಿಚ್ಚತೊಡಗಿದಳು. ‘ಕೆಂಡದಂಥ ಕಂಚು ಮಾವ. ಒಂದ್ ಕ್ಷಣ ಮರೆತ್ರೆ ಕಾಲ್ ಮೇಲೆ. ಒಬ್ಬರನ್ನ ಕಳ್ಕೊಂಡಿದ್ದು ಸಾಕು. ಇಸ್ತ್ರಿ ಹಿಡೀಲಿ. ನೀವು ಬೆಂಚಿನ ಮೇಲೆ ಕೂತು ಹೇಳಿ.’ ಗಂಟು ಬಿಗಿಯಾಗಿತ್ತು, ಬಿಚ್ಚಲು ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅಪ್ಪ ಕೈಗಳನ್ನು ಸ್ವಲ್ಪ ಮೇಲೆತ್ತಿ ನಿಂತಿದ್ದ, ದರ್ಜಿ ಅಳತೆ ತೆಗೆಯುವಾಗ ನಿಲ್ಲುವ ಹಾಗೆ, ಮತ್ತು ಇವನ ಕಡೆ ಒಂದೇ ಸಲ ನೋಡಿದ. ಆ ನೋಟದಲ್ಲಿ ಏನಿತ್ತು. ಸುಮ್ಮನಿರು ಅಂತ ಇತ್ತು, ಅಥವಾ ಇವನಿಗೆ ಬೇಕಾದ್ದು ಅದೇ ಆಗಿದ್ದರಿಂದ ಹಾಗೆ ಕಂಡಿತು. ಏಪ್ರನ್ ಅಪ್ಪನ ಮೈಯಿಂದ ಬಿದ್ದಾಗ ಅದರೊಳಗಿಂದ ಅಂಗಿ, ಅಂಗಿಯೊಳಗಿಂದ ಒಬ್ಬ ಮುದುಕ ಹೊರಬಂದ.

‘ಇದನ್ನ ಏನ್ ಮಾಡೋಣಮ್ಮ?’ ಅಪ್ಪ ಮೂರ್ತಿಯನ್ನು ತೋರಿಸಿ ಕೇಳಿದ.

ಅತ್ತಿಗೆ ಗ್ಲೌಸ್ ಹಾಕಿಕೊಳ್ಳುತ್ತಿದ್ದಳು. ‘ಹಚ್ಚಿ ಮುಗಿಸಿ’ ಅಂದಳು. ‘ಕೂತಿರೋ ರೀತಿ ಆದ್ರೂ ಅವರು ಮಾಡಿದ್ದೇ.’ ಬಾಗಿಲ ಹತ್ತಿರ ನಿಂತು ಇವನಿಗೆ, ‘ನಿನ್ ತಪ್ಪಿಲ್ಲ ಬಿಡು’ ಅಂದಳು. ಅಣ್ಣ ಹೋದ ಮೇಲೆ ಅವಳು ಇವನ ಹತ್ತಿರ ಮೆತ್ತಗೆ ಆಡಿದ ಮೊದಲ ಮಾತು ಅದು. ಅದನ್ನು ಎಲ್ಲಿಟ್ಟುಕೊಳ್ಳಬೇಕು ಅಂತ ಅವನಿಗೆ ತಿಳಿಯಲಿಲ್ಲ. ಉಳಿದ ಬೆನ್ನಿಗೆ ಅವನೇ ತಿಳಿ ಹಚ್ಚಿದ.

ಮಧ್ಯಾಹ್ನ ಕುಲುಮೆ ಭೋರ್ಗರೆಯುತ್ತಿತ್ತು. ಅಪ್ಪನ ಏಪ್ರನ್ ಇವನಿಗೆ ಅಗಲವಾಯಿತು, ಒಳಗಿನ ಚರ್ಮ ಅಪ್ಪನ ಹೊಟ್ಟೆಯ ಆಕಾರಕ್ಕೆ ಒಗ್ಗಿಕೊಂಡು ಇವನ ಹೊಟ್ಟೆಯ ಮುಂದೆ ಖಾಲಿಯಾಗಿ ಉಬ್ಬಿ ನಿಂತಿತ್ತು. ಭಾವ ಇಕ್ಕಳ ಹಾಕಿ ಮೂಸೆ ಎತ್ತಿದ, ಇಬ್ಬರೂ ಉದ್ದನೆಯ ಹಿಡಿಯ ಎರಡು ತುದಿ ಹಿಡಿದರು. ಹೊಯ್ಯುವ ತುದಿ ಅಪ್ಪನದು, ಈಗ ಇವನದು. ಕಂಚಿನ ಬಣ್ಣ ನೋಡಿ ‘ಹೊಯ್ಯಿ’ ಅನ್ನಬೇಕಾದ್ದೂ ಅಪ್ಪನೇ. ಕಿತ್ತಳೆ ಬಣ್ಣದೊಳಗೆ ಒಂದು ತೆಳು ಹಳದಿ ಬಂದು, ಕೆನೆಯ ಹಾಗೆ ಅಲುಗಾಡಿ, ಹೋಗುತ್ತದೆ. ಅದು ಹೋಗುವ ಮೊದಲು ಹೊಯ್ಯಬೇಕು. ಇವನು ಬೆಂಚಿನ ಕಡೆ ನೋಡಿದ. ಅಪ್ಪ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ, ಬೆಂಕಿಯ ಬೆಳಕು ಅವನ ಮುಖದ ಮೇಲಿತ್ತು, ಅವನ ಕಣ್ಣು ಮಾತ್ರ ಹಿತ್ತಿಲ ಬಾಗಿಲಿನ ಕಡೆಗಿತ್ತು. ‘ಅಪ್ಪ’ ಅಂದ ಇವನು. ಅಪ್ಪ ತಿರುಗಲಿಲ್ಲ. ‘ಏನ್ ಕಾಯ್ತಿದ್ದೀಯೋ, ಕೈ ಬಿದ್ದುಹೋಗ್ತಿದೆ ನನ್ದು’ ಅಂದ ಭಾವ. ಹಳದಿ ಬಂತು. ಇವನು ತಾನೇ ‘ಹೊಯ್ಯಿ’ ಅಂತ ಅಂದು, ತಾನೇ ಹೊಯ್ದ. ಕಂಚು ಒಂದೇ ಧಾರೆಯಲ್ಲಿ ಅಚ್ಚಿನೊಳಗೆ ಹೋಯಿತು, ಗಾಳಿಯ ತೂತುಗಳಲ್ಲಿ ಕೆಂಪಾಗಿ ಮೇಲೆ ಬಂದು ನಿಂತಿತು. ಚೆನ್ನಾಗಿ ಆಯಿತು. ಅಪ್ಪನ ಕೈಯಿಂದಲೂ ಇದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ. ಭಾವ ಬೆನ್ನು ತಟ್ಟಿ, ‘ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ದೆ’ ಅಂದ. ಅತ್ತಿಗೆ ಕೂಡ ಕಿಟಕಿಯಲ್ಲಿ ನಿಂತು ನೋಡಿ, ತಲೆಯಾಡಿಸಿ ಹೋದಳು. ಇವನಿಗೆ ಸಂತೋಷವಾಯಿತು. ಆಗಬಾರದಿತ್ತು, ಆಯಿತು.

ಅವರೆಲ್ಲ ಮುಖ ತೊಳೆಯಲು ಹೋದ ಮೇಲೆ ಇವನು ಬಂದು ಬೆಂಚಿನ ಮೇಲೆ ಅಪ್ಪನ ಪಕ್ಕ ಕೂತ. ಕುಲುಮೆ ಆರುತ್ತಾ ಟಕ್ ಟಕ್ ಅನ್ನುತ್ತಿತ್ತು. ಬಟ್ಟೆಯಿಂದ ಕುತ್ತಿಗೆ ಒರೆಸಿಕೊಂಡ. ಈಗ ಅಪ್ಪ ಏನಾದರೂ ಹೇಳುತ್ತಾನೆ, ಕತ್ತೆ ಅಂತಲೋ, ಇನ್ನೊಂದು ಸಲ ನಿನ್ನನ್ನ ಕಾಪಾಡಲ್ಲ ಅಂತಲೋ.

‘ಯಾರದು ಹೊಯ್ದಿದ್ದು ಇವತ್ತು?’ ಅಪ್ಪ ಕೇಳಿದ.

‘ಹೆಡ್‌ಮಾಸ್ಟ್ರುದು.’

‘ಓ.’ ಇವನ ಹೊಟ್ಟೆಯ ಕಡೆ ನೋಡಿ, ‘ನನ್ನ ಏಪ್ರನ್ ಯಾಕೆ ಹಾಕ್ಕೊಂಡಿದ್ದೀಯ?’

‘ಅಪ್ಪ, ಅತ್ತಿಗೆ ಹೋದ್ರು. ಯಾರೂ ಇಲ್ಲ ಇಲ್ಲಿ.’

‘ಎಲ್ಲಿಗೆ ಹೋದ್ಲು?’

ಇವನು ಅಪ್ಪನ ಮುಖವನ್ನೇ ನೋಡಿದ. ಮುಖ ಶಾಂತವಾಗಿತ್ತು, ಉತ್ತರಕ್ಕಾಗಿ ಕಾಯುತ್ತಿತ್ತು. ತುಟಿಯ ಅಂಚಿನಲ್ಲಿ ಎಲ್ಲಾದರೂ ನಗು ಇದೆಯಾ ಅಂತ ಹುಡುಕಿದ. ‘ಮುಖ ತೊಳ್ಕೊಳ್ಳೋಕೆ’ ಅಂದ. ಆಮೇಲೆ, ಬೆಳಿಗ್ಗೆಯಿಂದ ಹೇಳದೆ ಉಳಿದದ್ದನ್ನು ಕೇಳಲು ಅಲ್ಲಿದ್ದ ಒಬ್ಬನೇ ಒಬ್ಬನಿಗೆ ಹೇಳಿದ: ‘ಅಪ್ಪ, ಆ ಬೆನ್ನು ನಾನೇ ಸವರಿದ್ದು. ನೀನು ಮುಟ್ಬೇಡ ಅಂತ ಹೇಳಿದ್ದೆ. ಎರಡ್ ಸಲ ಹೇಳಿದ್ದೆ. ನಂಗೆ ನೆನಪಿತ್ತು. ಅತ್ತಿಗೆಗೆ ಹೇಳ್ತೀನಿ, ನೀನು ಹೌದು ಅಂತ ಅನ್ನು, ಅಷ್ಟು ಸಾಕು.’

ಅಪ್ಪ ಕಿವಿಗೊಟ್ಟು ಕೇಳಿದ. ತಪ್ಪು ಲೆಕ್ಕ ಮಾಡಿ ತಂದ ಮಗನ ಸ್ಲೇಟು ನೋಡುವ ಹಾಗೆ ತಲೆ ಅಡ್ಡಡ್ಡ ಆಡಿಸಿದ.

‘ಇಲ್ವಲ್ಲೋ,’ ಅಂದ. ‘ನಾನೇ ನಯ ಮಾಡು ಅಂದೆ. ಬಾಗಿಲಲ್ಲಿ ನಿಂತು ಹೇಳ್ಲಿಲ್ವಾ?’ ಕೈ ಚಾಚಿ ಇವನ ಮೊಣಕಾಲು ತಟ್ಟಿದ, ತುಂಬ ಮೃದುವಾಗಿ. ‘ಮರೆತುಬಿಟ್ಯಾ?’